ಕೇಳಸ್ತೈತೇನ್ರಿ?

ಪುಕ್ಕಟೆ ಎಂಬ ಶಬ್ದಕ್ಕೆ ನಮ್ಮ ಕಡೆ ದೊಡ್ಡ ಮರ್ಯಾದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪಗೂ ಇರಲಿ ಎಂದು ಗಾದೆಯನ್ನೇ ಮಾಡಿಟ್ಟುಕೊಂಡವರು ನಾವು. ಆದರೆ ಪುಕ್ಕಟೆ ವಿದ್ಯೆ ಎಂದರೆ ಮಾತ್ರ ನಮ್ಮವ್ವನಿಗೆ ಸಂಶಯ. 2020ರ ಜೂನ್ ತಿಂಗಳ ಒಂದು ಮುಂಜಾನೆ ಫೋನಿಗೆ ಬಂದ ಆಹ್ವಾನವನ್ನು ಅವಳಿಗೆ ಓದಿ ಹೇಳಿದೆ: ಕಾಲೇಜು ಅಧ್ಯಾಪಕರು ದೂರದಿಂದ ಪಾಠ ಮಾಡಲು ತಯಾರಾಗುವುದು ಹೇಗೆ ಎಂಬ ಬಗ್ಗೆ ಐದು ದಿನಗಳ ಆನ್‌ಲೈನ್ ಸಮಾವೇಶ, ಪ್ರವೇಶ ಉಚಿತ, ಸರ್ಟಿಫಿಕೇಟು ಉಂಟು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಅಂದಳು, "ಪುಕ್ಕಟೆ ಕಲಸ್ತಾರಂದ್ರ ಎರಡರಾಗ ಒಂದು. ಅವರಿಗೆ ಕಲಸಾಕ ಬರೂದಿಲ್ಲ, ಇಲ್ಲಾ ನಿನಗ ಬರೂದಿಲ್ಲ ಅನ್ನೂದು ಅವರಿಗೆ ಗೊತ್ತಾಗೇತಿ."

ಎರಡನೆಯದೇ ಖರೆ ಅನ್ನಿಸಿತು. ಹದಿನೆಂಟು ವರ್ಷ ಕನ್ನಡ ಪಾಠ ಹೇಳಿದವನು ನಾನು. ಆ ಹದಿನೆಂಟು ವರ್ಷವೂ ನನ್ನ ಪಾಠದ ಅರ್ಧ ಭಾರ ಹೊತ್ತದ್ದು ಡಯಾಸು, ಡಸ್ಟರು ಮತ್ತು ಮೊದಲ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸುವ ಇಬ್ಬರು ಹುಡುಗಿಯರು. ಆ ಮೂರನ್ನೂ ಕಸಿದುಕೊಂಡು ಪಾಠ ಹೇಳು ಎನ್ನುವುದು, ಎತ್ತು ಬಿಚ್ಚಿ ಕೂರಿಗೆ ಹೂಡು ಎಂದಂತೆ.

ಜನತಾ ಕರ್ಫ್ಯೂದ ಹಿಂದಿನ ದಿನ ಬಾಡಿಗೆ ಖೋಲಿಗೆ ಬೀಗ ಜಡಿದು, ನಾಲ್ಕು ಅಂಗಿ ಬ್ಯಾಗಿಗೆ ತುರುಕಿ ಹೊಳೆಮಣ್ಣೂರಿಗೆ ಬಂದಿದ್ದೆ. ಹೆಚ್ಚೆಂದರೆ ಹದಿನೈದು ದಿನ ಅಂದುಕೊಂಡಿದ್ದೆ. ಮೂರು ತಿಂಗಳಾಗಿತ್ತು. ಊರಿನ ಹೆಸರೇ ಹೇಳುವಂತೆ ನಮಗೆ ಹೊಳೆ ಇದೆ, ಮಣ್ಣೂ ಇದೆ. ನೆಟ್‌ವರ್ಕ್ ಇರಬೇಕೆಂದು ಹೆಸರಿಟ್ಟವರು ಎಣಿಸಿರಲಿಲ್ಲ. ಮಲಪ್ರಭೆ ಬೇಸಿಗೆಯಲ್ಲಿ ದನ ದಾಟುವಷ್ಟು ಒಣಗುತ್ತದೆ. ಮಳೆಗಾಲದಲ್ಲಿ ಮೇಲೆ ನವಿಲುತೀರ್ಥ ಅಣೆಕಟ್ಟಿನ ಗೇಟು ಎತ್ತಿದರೆಂದರೆ ಇಲ್ಲಿ ನಾವು ಗಂಟು ಕಟ್ಟಬೇಕು. 2009ರ ಹೊಳೆ ಬಂದ ಮೇಲೆ ದಂಡೆಯ ಊರುಗಳಿಗೆಲ್ಲ ಎತ್ತರದಲ್ಲಿ ನವಗ್ರಾಮ ಎಂದು ಆಸರೆ ಮನೆ ಕಟ್ಟಿಸಿದರು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೊಮ್ಮೆ ಬಂದು, ಯಾರು ಇನ್ನೂ ಹಳೇ ಮನೆಯಲ್ಲೇ ಇದ್ದಾರೆ ಎಂದು ಹಾಜರಿ ತೆಗೆದುಕೊಂಡು ಹೋಯಿತು. ನಮ್ಮವ್ವ ಇದ್ದಳು. ಈಗಲೂ ಇದ್ದಾಳೆ.

ಹೀಗಾಗಿ ಸಮಾವೇಶಕ್ಕೆ ನನ್ನ ಆಸನ ಮಾಳಿಗೆಯ ಮೇಲೆ, ಬೆಳಕಿಂಡಿಯ ಪಕ್ಕ. ಇಡೀ ಮನೆಯಲ್ಲಿ ಎರಡು ಕಡ್ಡಿ ಸಿಗ್ನಲ್ ನಿಲ್ಲುತ್ತಿದ್ದುದು ಅಲ್ಲಿ ಮಾತ್ರ. ಮಣ್ಣಿನ ಮಾಳಿಗೆಯ ಬೆಳಕಿಂಡಿ ಎಂದರೆ ಗೊತ್ತಲ್ಲ, ಕೆಳಗಿನ ಒಲೆಯ ಹೊಗೆ ಮೇಲಕ್ಕೆ ಬರುತ್ತದೆ, ಮೇಲಿನ ಮಾತು ಕೆಳಕ್ಕೆ ಇಳಿಯುತ್ತದೆ. ಐದು ದಿನವೂ ನಾನು ಹೊಗೆ ಕುಡಿದೆ, ಅವ್ವ ಉಪನ್ಯಾಸ ಕೇಳಿದಳು. ಸರ್ಟಿಫಿಕೇಟು ಮಾತ್ರ ನನಗೆ ಬಂತು.

ಉದ್ಘಾಟನೆ ಹತ್ತಕ್ಕೆ ಅಂದಿದ್ದರು. ಹತ್ತೂಕಾಲಿಗೆ ತೆರೆಯ ಮೇಲೆ ಒಂದು ಮುಖ ಮೂಡಿ, "ಕೇಳಸ್ತೈತೇನ್ರಿ?" ಅಂದಿತು. ಈ ಪ್ರಶ್ನೆಯನ್ನು ಆ ವರ್ಷ ಕನ್ನಡ ನಾಡಿನ ಅಧ್ಯಾಪಕರು ಎಷ್ಟು ಸಲ ಕೇಳಿದ್ದಾರೋ! ಮೈಸೂರಿನವರು "ಕೇಳಿಸ್ತಿದೆಯಾ" ಎನ್ನುತ್ತಿದ್ದರು, ಮಂಗಳೂರಿನವರು "ಕೇಳ್ತದಾ" ಎನ್ನುತ್ತಿದ್ದರು. ಉತ್ತರ ಎಲ್ಲ ಕಡೆಯೂ ಒಂದೇ. ಮೊದಲು ಒಂದು ಮೌನ, ಆಮೇಲೆ ಇಪ್ಪತ್ತು ಜನ ಒಟ್ಟಿಗೇ "ಎಸ್ ಸರ್", ಆಮೇಲೆ ಯಾರದೋ ಮನೆಯ ಕುಕ್ಕರಿನ ಸೀಟಿ. ಅಂದೂ ಹಾಗೇ ಆಯಿತು. ರೆಕಾರ್ಡ್ ಮಾಡಿದ ಪ್ರಾರ್ಥನೆ, ರೆಕಾರ್ಡ್ ಮಾಡಿದ ದೀಪ, ರೆಕಾರ್ಡ್ ಮಾಡಿದ ಸ್ವಾಗತ. ರೆಕಾರ್ಡ್ ಅಲ್ಲದ್ದು ಸಂಪನ್ಮೂಲ ವ್ಯಕ್ತಿಗಳ ಪರಿಚಯ ಒಂದೇ. ಅದು ಇಪ್ಪತ್ತೆರಡು ನಿಮಿಷ ನಡೆಯಿತು. ಅವರ ಪ್ರಕಟಿತ ಪ್ರಬಂಧಗಳ ಸಂಖ್ಯೆ ಹೇಳುವಷ್ಟರಲ್ಲಿ ಝೂಮಿನ ಪುಕ್ಕಟೆ ನಲವತ್ತು ನಿಮಿಷ ಮುಗಿದು, ಎಲ್ಲರೂ ಒಮ್ಮೆಲೇ ಹೊರಬಿದ್ದೆವು.

ಈ ನಲವತ್ತು ನಿಮಿಷದ ಕಟ್ಟಳೆಯ ಬಗ್ಗೆ ಬಹಳ ಜನ ಗೊಣಗಿದರು. ನನಗೆ ನೆನಪಾದದ್ದು ಗದುಗಿನ ವೀರನಾರಾಯಣ ಗುಡಿಯ ಕಂಬ. ಕೋನೇರಿ ತೀರ್ಥದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಆ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಹೇಳುತ್ತಿದ್ದನಂತೆ. ಬಟ್ಟೆ ಆರಿತೋ, ಅಂದಿನ ಕಾವ್ಯ ನಿಂತಿತು. ಅವನಿಗೂ ಪುಕ್ಕಟೆ ಪ್ಲಾನೇ. ಆದರೂ ಹತ್ತು ಪರ್ವ ಮುಗಿಸಿದ. ಸ್ವವಿವರ ಓದಿಸುವ ಪದ್ಧತಿ ಆಗ ಇದ್ದಿದ್ದರೆ ಆದಿಪರ್ವದ ಪೀಠಿಕೆಗೇ ಧೋತರ ಒಣಗುತ್ತಿತ್ತು.

ಎರಡನೆಯ ದಿನದಿಂದ ಗೂಗಲ್ ಮೀಟ್. ಆಗಷ್ಟೇ, ಮೇ ತಿಂಗಳಿನಿಂದ ಅದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದರು. ನಿಜವಾದ ಪಾಠ ಶುರುವಾಯಿತು. ತಕ್ಷಣದ ಕಲಿಕೆ, ಬಿಡುವಿನ ಕಲಿಕೆ; ತಿರುಗುಮುರುಗು ತರಗತಿ, ಅಂದರೆ ಪಾಠ ಮನೆಯಲ್ಲಿ, ಮನೆಗೆಲಸ ಶಾಲೆಯಲ್ಲಿ. ಶಾಲೆಯೇ ಮನೆಯಾಗಿರುವಾಗ ಯಾವುದು ಎಲ್ಲಿ ಎಂದು ಒಬ್ಬರು ಚಾಟ್‌ನಲ್ಲಿ ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ. ನಲವತ್ತು "ಗುಡ್ ಮಾರ್ನಿಂಗ್ ಸರ್"ಗಳ ಕೆಳಗೆ ಆ ಪ್ರಶ್ನೆ ಹೂತುಹೋಯಿತು. ಯಾರೇ ಮಾತಿಗೆ ನಿಲ್ಲಲಿ, ಮೊದಲ ಸ್ಲೈಡು ಬ್ಲೂಮ್ ಸಾಹೇಬರ ತ್ರಿಕೋನ. ಬೆಂಜಮಿನ್ ಬ್ಲೂಮ್ 1956ರಲ್ಲಿ ಕಲಿಕೆಯನ್ನು ಆರು ಮೆಟ್ಟಿಲಾಗಿ ಜೋಡಿಸಿದರು, ಕೆಳಗೆ ನೆನಪು, ಅದರ ಮೇಲೆ ಅರಿವು, ಹೀಗೆ ಏರುತ್ತ. ಐದು ದಿನಗಳಲ್ಲಿ ಆ ತ್ರಿಕೋನ ಏಳು ಸಲ ಬಂತು. ಮೇಲೆ ಬಂದು ಹಪ್ಪಳ ಹರವುತ್ತಿದ್ದ ಅವ್ವ ಇಣುಕಿ ನೋಡಿ, "ಇವರು ದಿನಾ ಇದೊಂದ ಗುಡಿ ತೋರಸ್ತಾರಲ್ಲ, ಒಳಗ ದೇವರ ಇಲ್ಲೇನು?" ಅಂದಳು.

ದೇವರ ವಿಷಯ ಬಿಡಿ, ನಾವು ಭಕ್ತರೇ ಒಳಗಿರಲಿಲ್ಲ. ಈ ಸಮಾವೇಶ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. ಸ್ಲೈಡಿನಲ್ಲಿ ಇದು ಇರಲಿಲ್ಲ. ಹದಿನೆಂಟು ವರ್ಷ ಹಾಜರಿ ಕೂಗಿದವನು ಐದು ದಿನ ಹಾಜರಿ ಹೇಳುವ ಕಡೆ ಕೂತೆ. ಮೊದಲ ದಿನ ಇಸ್ತ್ರಿ ಅಂಗಿ, ಕೈಯಲ್ಲಿ ನೋಟುಬುಕ್ಕು. ಎರಡನೇ ದಿನ ಮೇಲೆ ಅಂಗಿ, ಕೆಳಗೆ ಲುಂಗಿ. ಮೂರನೇ ದಿನ ಕ್ಯಾಮೆರಾ ಮುಚ್ಚಿದೆ, ಅಂಗಿಯ ಹಂಗೂ ಹೋಯಿತು. ನಾಲ್ಕನೇ ದಿನ ಫೋನನ್ನು ಬೆಳಕಿಂಡಿಯ ದಂಡೆಗಿಟ್ಟು, ಹೆಸರು ಬಿತ್ತಿದ ಹೊಲಕ್ಕೆ ಒಂದು ಸುತ್ತು ಹೋಗಿ ಬಂದೆ. ಬಂದಾಗ ಸಂಪನ್ಮೂಲ ವ್ಯಕ್ತಿಗಳು ವಿದ್ಯಾರ್ಥಿಗಳ ಗಮನ ಹಿಡಿದಿಡುವುದು ಹೇಗೆ ಎಂಬುದನ್ನು ವಿವರಿಸುತ್ತಿದ್ದರು. ಗೋಷ್ಠಿ ಮುಗಿಯಲು ಹತ್ತು ನಿಮಿಷವಿದ್ದಾಗ ಫೀಡ್‌ಬ್ಯಾಕ್ ಲಿಂಕ್ ಹಾಕುತ್ತಿದ್ದರು. ಅದನ್ನು ತುಂಬಿದವರಿಗೇ ಸರ್ಟಿಫಿಕೇಟು. ಆ ಗಳಿಗೆಗೆ ಸರಿಯಾಗಿ ಎಪ್ಪತ್ತು ಇದ್ದ ಸಂಖ್ಯೆ ಒಮ್ಮೆಲೇ ಏರುತ್ತಿತ್ತು. ಜಾತ್ರೆಯ ಪ್ರವಚನಕ್ಕೆ ಖಾಲಿಯಿದ್ದ ಪೆಂಡಾಲು ಪ್ರಸಾದದ ಹೊತ್ತಿಗೆ ತುಂಬುವುದಿಲ್ಲವೆ, ಹಾಗೆ. ಹಿಂದಿನ ಬಾಗಿಲಿನಿಂದ ಓಡಿಹೋಗುವ ಹುಡುಗರಿಗೆ ನಾನು ಹಿಂದೆಲ್ಲ ಕೊಟ್ಟ ಶಿಕ್ಷೆಗಳು ಒಂದೊಂದಾಗಿ ನೆನಪಿಗೆ ಬಂದವು. ಫೀಡ್‌ಬ್ಯಾಕಿನಲ್ಲಿ ಮಾತ್ರ 'ಅತ್ಯುತ್ತಮ' ಎಂದೇ ಒತ್ತಿದೆ.

ಆ ದಿನಗಳಲ್ಲಿ ಇದೊಂದೇ ಸಮಾವೇಶ ಆಗಿದ್ದರೆ ಏನೋ ಅನ್ನಬಹುದಿತ್ತು. ದಿನಕ್ಕೆ ನಾಲ್ಕು, ಐದು ವೆಬಿನಾರುಗಳು. ರಾಷ್ಟ್ರೀಯ ಮಟ್ಟದ್ದು ಎಂದರೆ ಬೇರೆ ರಾಜ್ಯದ ಒಬ್ಬರು. ಅಂತರರಾಷ್ಟ್ರೀಯ ಎಂದರೆ ಸಂಘಟಕರ ಅಳಿಯ ಅಮೆರಿಕದಲ್ಲಿರಬೇಕು. ನಮ್ಮ ಓಣಿಯವರಿಗೆ ಎಲ್ಲವನ್ನೂ ಕ್ಯುಸೆಕ್ಸಿನಲ್ಲಿ ಅಳೆಯುವ ರೂಢಿ. ನಾನು ಮಾಳಿಗೆ ಏರುವುದನ್ನು ಕಂಡರೆ ಕಟ್ಟೆಯ ಮೇಲಿನವರು ಕೂಗುತ್ತಿದ್ದರು, "ಏನ್ರಿ ಸರ್, ಇವತ್ತ ಮ್ಯಾಲಿಂದ ಎಷ್ಟ ಬಿಟ್ಟಾರ?" ಸರ್ಟಿಫಿಕೇಟುಗಳೂ ಹಾಗೇ ಹರಿದು ಬಂದವು. ಒಂದರಲ್ಲಿ ನಾನು ಶ್ರೀಮತಿ ಆಗಿದ್ದೆ. ಇನ್ನೊಂದರಲ್ಲಿ ಹೆಸರಿನ ಜಾಗದಲ್ಲಿ ನನ್ನ ಮೊಬೈಲ್ ನಂಬರ್ ಭಾಗವಹಿಸಿತ್ತು. ಇವುಗಳನ್ನೆಲ್ಲ ಬಡ್ತಿಗೆ ಲೆಕ್ಕ ಹಿಡಿಯುವುದಿಲ್ಲ ಎಂದು ಯಾರೋ ನಿಯಮ ಓದಿ ಗ್ರೂಪಿನಲ್ಲಿ ಹಾಕಿದ ದಿನ, ವೆಬಿನಾರುಗಳ ಹೊಳೆ ಒಂದೇ ರಾತ್ರಿಯಲ್ಲಿ ಇಳಿಯಿತು. ರಾಡಿ ಮಾತ್ರ ಫೋನಿನ ಗ್ಯಾಲರಿಯಲ್ಲಿ ಇನ್ನೂ ಇದೆ.

ದೂರದಿಂದ ಕಲಿಸುವುದು ಹೊಸದೇನೋ ಎಂಬಂತೆ ಸಂಪನ್ಮೂಲ ವ್ಯಕ್ತಿಗಳು ಮಾತಾಡುತ್ತಿದ್ದುದು ನನಗೆ ಹಿಡಿಸಲಿಲ್ಲ. ದೂರಶಿಕ್ಷಣ ನಮ್ಮ ರೋಣ ತಾಲೂಕಿಗೇ ಬರಬೇಕಾದ ಆಸ್ತಿ. ರೋಣದ ಹಳೆಯ ಹೆಸರು ದ್ರೋಣಪುರ, ದ್ರೋಣಾಚಾರ್ಯರು ಇದ್ದ ಊರದು ಎಂದು ನಮ್ಮ ಜನ ಹೇಳುತ್ತಾರೆ. ಪ್ರವೇಶ ಸಿಗದ ಹುಡುಗನೊಬ್ಬ ಅಡವಿಯಲ್ಲಿ ಕೂತು, ಕ್ಯಾಮೆರಾ ಮೈಕು ಎರಡೂ ಮುಚ್ಚಿದ ಗುರುವಿನಿಂದ ಬಿಲ್ವಿದ್ಯೆ ಕಲಿತದ್ದಕ್ಕಿಂತ ದೊಡ್ಡ ದೂರಶಿಕ್ಷಣ ಯಾವುದು? ಫೀ ವಿಷಯದಲ್ಲಿ ಮಾತ್ರ ಅದು ಉಚಿತ ಆಗಿರಲಿಲ್ಲ. ಈಗಿನ ಏಕಲವ್ಯರು ಹುಷಾರಿ. ನಾನು ಗ್ರೂಪಿನಲ್ಲಿ ಏನೇ ಹಾಕಲಿ, ಅದನ್ನು ಓದುವ ಮೊದಲೇ ಹೆಬ್ಬೆರಳು ಕಳಿಸಿಬಿಡುತ್ತಾರೆ. ಹಳದಿ ಬಣ್ಣದ್ದು, ಎಷ್ಟು ಕೊಟ್ಟರೂ ತೀರದ್ದು. ನಿಜವಾದ ಹೆಬ್ಬೆರಳನ್ನು ದ್ರೋಣರೇ ಬಂದು ಕೇಳಿದರೂ ಕೊಡಲಾರರು. ಫೋನು ತೀಡಲು ಅದೇ ಬೇಕು.

ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ ಹೊಳೆಯ ಆಚೆ ದಂಡೆಗೆ ಹೋಗೋಣ. ಅದು ಬದಾಮಿ ತಾಲೂಕು, ಮೊದಲು ವಿಜಾಪುರ ಜಿಲ್ಲೆ. ನಾವು ಆಗ ಧಾರವಾಡ ಜಿಲ್ಲೆಯವರು. ಗದಗ ಬೇರೆಯಾದದ್ದು 1997ರಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದವರಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಪಾಲಿಗೆ ಅದು ಬಂತು. ಕೋಳಿಗೂಡಿಗೆ ಹೊಡೆಯುವ ತಂತಿ ಜಾಳಿಗೆಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಅದರ ಮುಂದೆ ಇಡೀ ಊರು. ಮಕ್ಕಳಿಗೆ ಮುಂಜಾನೆ ಪಾಠ, ಸಂಜೆ ಒಕ್ಕಲುತನ. ಆ ಒಂದು ವರ್ಷದಲ್ಲೇ ಸುಮಾರು 50,000 ಪ್ರಾಥಮಿಕ ಶಾಲಾ ಮಾಸ್ತರರಿಗೆ ವಿಜ್ಞಾನ ಕಲಿಸುವುದು ಹೇಗೆ ಎಂದು ಟಿವಿಯ ಮೂಲಕವೇ ತರಬೇತಿ ಕೊಟ್ಟರು. ನಮ್ಮ ಸಮಾವೇಶಕ್ಕಿಂತ ನಲವತ್ತೈದು ವರ್ಷ ಮುಂಚೆ, ಪುಕ್ಕಟೆಯಾಗಿಯೇ. ವರ್ಷ ಮುಗಿದ ಮೇಲೆ ಉಪಗ್ರಹ ಅದರ ಮಾಲೀಕರ ಕಡೆಗೆ ಮರಳಿತು. ಆ ಮಾಸ್ತರರಿಗೆ ಒಂದು ಅನುಕೂಲವಿತ್ತು: ಟಿವಿ ಅವರನ್ನು ಕೇಳಸ್ತೈತೇನು ಎಂದು ಕೇಳುತ್ತಿರಲಿಲ್ಲ. ಅನನುಕೂಲವೂ ಅದೇ.

ಸಮಾವೇಶದ ಮೂರನೆಯ ದಿನ ಒಬ್ಬರು, ಪಾಪ, ಒಳ್ಳೆಯ ಮೇಡಂ, ಬಹಳ ನೊಂದು ಹೇಳಿದರು: "ವಿದ್ಯಾರ್ಥಿಗಳ ಮುಖ ಕಾಣದೆ ಪಾಠ ಮಾಡುವುದು ಸಾಧ್ಯವೇ ಇಲ್ಲ." ಎಲ್ಲರೂ ಹಳದಿ ಹೆಬ್ಬೆರಳು ಒತ್ತಿದರು. ನಾನೂ ಒತ್ತುವವನಿದ್ದೆ. ಆದರೆ ನಮ್ಮದು ಗದಗ ಜಿಲ್ಲೆ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕೂರಿಸಿಕೊಂಡು ಸಂಗೀತ ಕಲಿಸಿದರು. 1944ರಲ್ಲಿ ಅವರು ಹೋದ ಮೇಲೆ, ಅವರಂತೆಯೇ ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರ ವರೆಗೆ ಕಲಿಸಿದರು. ಗುರುವಿಗೆ ಶಿಷ್ಯ ಕಾಣನು, ಶಿಷ್ಯನಿಗೆ ಗುರು ಕಾಣನು. ಸ್ಕ್ರೀನ್ ಕಾಣಸ್ತೈತೇನ್ರಿ ಎಂಬ ಮಾತೇ ಅಲ್ಲಿಲ್ಲ. ಸ್ವರ ಜಾರಿದರೆ ಯಾರ ಸ್ವರ ಜಾರಿತೆಂದು ಗುರುವಿನ ಕಿವಿಗೆ ಗೊತ್ತಾಗುತ್ತಿತ್ತು. ಮುಖ ನೋಡಿ ಪಾಠ ಹೇಳಿದ ಹದಿನೆಂಟು ವರ್ಷದಲ್ಲಿ ನನಗೆ ಎಷ್ಟು ಹುಡುಗರ ದನಿಯ ಗುರುತಿದೆ ಎಂದು ಅಂದು ರಾತ್ರಿ ಮಾಳಿಗೆಯ ಮೇಲೆ ಮಲಗಿ ಎಣಿಸಿದೆ. ಆರು. ಅದರಲ್ಲಿ ನಾಲ್ಕು, ಗದ್ದಲ ಮಾಡುವವರವು.

ಕಡೆಯ ದಿನದ ಗೋಷ್ಠಿ ಚಲೋ ಇತ್ತು. ಮಾತಾಡಿದವರ ಇಂಟರ್‌ನೆಟ್ಟೂ ನಮ್ಮ ಹಾಗೇ ಸೊರಗಿತ್ತೆಂದು ತೋರುತ್ತದೆ, ಅದಕ್ಕೇ ಅನುಭವದ ಮಾತು ಬಂತು. ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಸಣ್ಣ ತುಂಡು ಮಾಡಿ. ಹೇಳಿದ ಮೇಲೆ ನಿಲ್ಲಿ, ನಿಂತೇ ಇರಿ. ಅತ್ತಲಿಂದ ಏನಾದರೂ ಮರಳಿ ಬರುವ ತನಕ ಮುಂದಿನದನ್ನು ಹೇಳಬೇಡಿ. ನಾನು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೊಳೆಯ ಕಡೆಯಿಂದ ನಮ್ಮ ಕಾಕಾನ ಕೂಗು ಬಂತು.

ಹೊಳೆಯಲ್ಲಿ ನೀರು ಬಂದ ಮೇಲೆ ದಂಡೆಯಿಂದ ದಂಡೆಗೆ ಮಾತಾಡುವುದು ನಮ್ಮೂರಲ್ಲಿ ಒಂದು ವಿದ್ಯೆ. ಆಚೆ ಬೀಗರಿರುತ್ತಾರೆ, ದನ ಇರುತ್ತವೆ, ಒಮ್ಮೊಮ್ಮೆ ಸಾಲವೂ ಇರುತ್ತದೆ. ಫೋನು ಬಂದ ಮೇಲೆ ಎಳೆಯರು ಬಿಟ್ಟರು. ಕಾಕಾ ಬಿಟ್ಟಿಲ್ಲ, ಅವನ ರಿಚಾರ್ಜು ಎಂದೂ ಮುಗಿಯುವುದಿಲ್ಲ. ಅವನು ಮೊದಲು ಗಾಳಿ ನೋಡುತ್ತಾನೆ. ಗಾಳಿ ಎದುರಿದ್ದರೆ ಕೂಗುವುದಿಲ್ಲ, ಬೀಡಿ ಹಚ್ಚುತ್ತಾನೆ. ಗಾಳಿ ತಿರುಗಿದ ಮೇಲೆ ಎರಡೂ ಅಂಗೈ ಬಾಯಿಗೆ ಹಿಡಿದು, ವಿಷಯವನ್ನಲ್ಲ, ಬರೇ ಹೆಸರನ್ನು ಎಳೆದು ಕೂಗುತ್ತಾನೆ, "ಯಲ್ಲಪ್ಪೋ... ಓ..." ಅತ್ತಲಿಂದ "ಓ..." ಬರಬೇಕು. ಬಾರದಿದ್ದರೆ ಮತ್ತೆ ಹೆಸರು. ಬಂದ ಮೇಲೆ ಒಂದು ಮಾತು: "ಎಮ್ಮೀ... ಈದತೀ..." ಮತ್ತೆ ನಿಲ್ಲುತ್ತಾನೆ. ಅತ್ತಲವನು ಆ ಮಾತನ್ನೇ ತಿರುಗಿ ಕೂಗಬೇಕು, "ಎಮ್ಮಿ ಈದತೇ?" ಅಂದಮೇಲೆ ಇವನ ಎರಡನೇ ಮಾತು: "ಹೆಣ್ಣಗರಾ..." ಒಮ್ಮೆ ನಾನು ಆತುರ ಮಾಡಿ ಇಡೀ ವಾಕ್ಯವನ್ನು ಒಂದೇ ಉಸಿರಿಗೆ ಕೂಗಿದ್ದೆ. ಕಾಕಾ ಬೈದಿದ್ದ, "ಅಷ್ಟೂ ಒಮ್ಮೆ ಒಗದರ ಹೊಳಿಯಾಗ ಬೀಳತೈತಿ."

ನಾನು ನೋಟುಬುಕ್ಕು ಮುಚ್ಚಿದೆ. ಬೆಂಗಳೂರಿನ ಕಡೆಯಿಂದ ಸ್ಲೈಡು ಸಹಿತ ಬಂದದ್ದು ನಮ್ಮ ಹೊಳೆದಂಡೆಯಲ್ಲಿ ಬೀಡಿ ಸಹಿತ ಮೊದಲೇ ಇತ್ತು. ಸಮಾರೋಪ ಭಾಷಣವನ್ನು ಅವ್ವನೊಬ್ಬಳೇ ಕೇಳಿದಳು.

ಆಮೇಲೆ ನನ್ನ ತರಗತಿ ಶುರುವಾಯಿತು. ಅರವತ್ತೆರಡು ಹುಡುಗರಲ್ಲಿ ಮೊದಲ ದಿನ ಹನ್ನೊಂದು ಜನ ಬಂದರು. ಒಬ್ಬ ಟ್ರ್ಯಾಕ್ಟರಿನ ಮೇಲಿದ್ದ, ಒಬ್ಬ ಬೇವಿನ ಗಿಡದ ಮೇಲಿದ್ದ. ಅವನ ಹಿನ್ನೆಲೆಯಲ್ಲಿ ಕೂತ ಕಾಗೆ ಬ್ಲೂಮ್ ಹೇಳಿದ ಮೆಟ್ಟಿಲುಗಳಲ್ಲಿ ಅವನಿಗಿಂತ ಮೇಲಿತ್ತು. ನಾನು ಕುಮಾರವ್ಯಾಸನನ್ನು ಎತ್ತಿಕೊಂಡೆ. ಪದ್ಯದ ಮೊದಲ ಸಾಲು ಇಲ್ಲಿ, ಎರಡನೆಯದು ಗದಗದ ಟವರಿನಲ್ಲಿ, ಮೂರನೆಯದು ಎಲ್ಲಿಯೋ. ಹತ್ತು ನಿಮಿಷದಲ್ಲಿ ನಾನೊಬ್ಬನೇ ಉಳಿದು, ನನ್ನ ಮುಖಕ್ಕೇ ನಾನು ಭಾರತ ಹೇಳುತ್ತಿದ್ದೆ. ಮೊದಲ ಬೆಂಚಿನ ಆ ಇಬ್ಬರು ಹುಡುಗಿಯರು ಬಂದಿರಲೇ ಇಲ್ಲ. ಒಬ್ಬಳ ಮನೆಯ ಫೋನು ಅಣ್ಣನದು. ಅವನು ಅದನ್ನು ಹೊಲಕ್ಕೆ ಒಯ್ಯುತ್ತಾನೆ, ರಾತ್ರಿ ಎಂಟಕ್ಕೆ ತರುತ್ತಾನೆ. ಇನ್ನೊಬ್ಬಳ ಮನೆಯಲ್ಲಿದ್ದುದು ಗುಂಡಿ ಒತ್ತುವ ಫೋನು.

ಮರುದಿನದಿಂದ ಕಾಕಾನ ಪದ್ಧತಿ ಹಿಡಿದೆ. ಮೀಟೂ ಬೇಡ, ಸ್ಲೈಡೂ ಬೇಡ. ಒಂದು ಪದ್ಯ, ನಾಲ್ಕು ನಿಮಿಷ, ವಾಟ್ಸಾಪಿಗೆ ಬರೇ ದನಿ. ಮೊದಲು ಹೆಸರು ಹಿಡಿದು ಕರೆಯುವುದು, ದಿನಕ್ಕೆ ಆರು ಹೆಸರು. ಕೇಳಿದವರು ರಾತ್ರಿಯೊಳಗೆ ಆ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ ತಿರುಗಿ ಕೂಗಬೇಕು. ಹಳದಿ ಹೆಬ್ಬೆರಳು ನಡೆಯುವುದಿಲ್ಲ. ಗುಂಡಿ ಫೋನಿನವಳಿಗೆ ಸಂಜೆ ಏಳಕ್ಕೆ ಫೋನು ಮಾಡಿ ಓದುತ್ತಿದ್ದೆ, ಮೂರನೇ ದಿನಕ್ಕೆ ಅತ್ತಲಿಂದ ಇನ್ನೊಂದು ದನಿ, "ಸರ, ಆ ಧರ್ಮರಾಯ ಮತ್ತ ಜೂಜಾಡಾಕ ಹ್ವಾದನೇನ್ರಿ?" ಎಂದು ಕೇಳಿತು. ಅವರಜ್ಜಿ.

ಒಂದೊಂದೇ ದನಿ ಬರತೊಡಗಿದವು, ತಮ್ಮ ತಮ್ಮ ಊರನ್ನು ಹಿಂದೆ ಕಟ್ಟಿಕೊಂಡು. ಆಗಸ್ಟಿನಲ್ಲಿ ಹೆಸರು ರಾಶಿಯ ಮಶೀನಿನ ಸದ್ದಿನೊಳಗೆ ದ್ರೌಪದಿಯ ಪ್ರಶ್ನೆ ಬಂತು. ಮಳೆಯ ಸದ್ದಿನಲ್ಲಿ ಕರ್ಣ ಬಂದ. ಅದೇ ತಿಂಗಳು ಮಲಪ್ರಭೆಯೂ ಮತ್ತೆ ಏರಿ ಬಂದಳು. ಆ ವಾರ ನಾನು ಪದ್ಯ ಕಳಿಸಲಿಲ್ಲ, ಎಲ್ಲರೂ ಇದ್ದೀರೇನ್ರೋ ಎಂದಷ್ಟೇ ಕೇಳಿದೆ. ಬೇವಿನ ಗಿಡದ ಹುಡುಗ ಗಮಕದಂತೆ ಹಾಡುತ್ತಾನೆಂದು ಅವನ ಮುಖ ನೋಡುತ್ತಿದ್ದ ಎರಡು ವರ್ಷ ನನಗೆ ತಿಳಿದಿರಲಿಲ್ಲ. ಎಲ್ಲರೂ ಕಲಿತರೆಂದಲ್ಲ. ಅರವತ್ತೆರಡರಲ್ಲಿ ಹದಿನೇಳು ಜನರ ದನಿ ನನಗೆ ಕಡೆಗೂ ಬರಲಿಲ್ಲ. ಹೆಸರು ಕೂಗಿದೆ, "ಓ" ಬರಲಿಲ್ಲ. ಕೆಲವರು ಗೋವಾಕ್ಕೆ ಕೆಲಸಕ್ಕೆ ಹೋಗಿದ್ದರಂತೆ.

ನವೆಂಬರ್ 17ಕ್ಕೆ ಕಾಲೇಜು ತೆರೆಯಿತು. ನಾನು ಖೋಲಿಯ ಬೀಗ ತೆಗೆದು, ಇಸ್ತ್ರಿ ಅಂಗಿ ತೊಟ್ಟು, ಎಂಟು ತಿಂಗಳ ಧೂಳು ಕೂತ ಡಯಾಸು ಹತ್ತಿದೆ. ಡಸ್ಟರು ಅಲ್ಲೇ ಇತ್ತು. ಹದಿನಾಲ್ಕು ಜನ, ಬೆಂಚಿಗೊಬ್ಬರು, ಎಲ್ಲರ ಮುಖಕ್ಕೂ ಮಾಸ್ಕು. ಎಷ್ಟು ಆಸೆಪಟ್ಟಿದ್ದೆನೋ ಆ ಮುಖಗಳಿಗೆ, ಕಣ್ಣಷ್ಟೇ ಕಾಣುತ್ತಿದ್ದವು. ನನ್ನ ಮೂಗಿಗೂ ಎರಡು ಪದರದ ಬಟ್ಟೆ. ಗಂಟಲು ಸರಿಮಾಡಿಕೊಂಡು, ಎಂಟು ತಿಂಗಳಿನಿಂದ ಕೂಡಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಶುರುಮಾಡಿದೆ.

ಹಿಂದಿನ ಬೆಂಚಿನಿಂದ ಕೈ ಮೇಲಾಯಿತು. ಮುಖದ ಗುರುತು ಹತ್ತಲಿಲ್ಲ. ದನಿ ಬೇವಿನ ಗಿಡದ್ದು.

"ಸರ್, ಕೇಳಸವಲ್ದ್ರಿ."

ಕಿಟಕಿಯ ಕಡೆ ನೋಡಿದೆ. ಗಾಳಿ ಎದುರೇನೂ ಇರಲಿಲ್ಲ. ಚಾಕ್‌ಪೀಸು ಕೆಳಗಿಟ್ಟು ಎರಡೂ ಅಂಗೈ ಮಾಸ್ಕಿನ ಮೇಲೆ ಹಿಡಿದು, ಮೊದಲು ಅವನ ಹೆಸರು ಕೂಗಿದೆ.